ಕರುವಿನ ಭೇದಿ ಕರುವಿಗಷ್ಟೇ ಸೇರಿದ್ದಲ್ಲ

ಹೈನುಗಾರ ಅಕ್ಕ-ತಂಗಿಯರೇ,

ಎಳೆ ಕರು ನೀರಾಗಿ ಭೇದಿ ಮಾಡಿದರೆ ‘ಹಾಲು ಹೆಚ್ಚಾಗಿರಬೇಕು’, ‘ಜಂತು ಇರಬೇಕು’ ಎಂದು ಬಿಟ್ಟುಬಿಡುತ್ತೀರಿ. ಹುಟ್ಟಿದ ಮೊದಲ ಮೂರು ವಾರಗಳ ಭೇದಿಗೆ ಅನೇಕ ಸಲ ಕಾರಣ ಕ್ರಿಪ್ಟೋಸ್ಪೋರಿಡಿಯಂ ಎಂಬ, ಕಣ್ಣಿಗೆ ಕಾಣದ ಪರಾವಲಂಬಿ. ಅದು ಹುಳುವಲ್ಲ, ಜಂತಿನ ಔಷಧಿಗೆ ಸಾಯುವುದಿಲ್ಲ. ರೋಗ ಬಂದ ಕರುವಿನ ಸಗಣಿಯಲ್ಲಿ ಅದು ಕೋಟಿಗಟ್ಟಲೆ ಹೊರಬೀಳುತ್ತದೆ, ಮನುಷ್ಯರಿಗೂ ಅಂಟುತ್ತದೆ. ಬ್ಲೀಚಿಂಗ್ ಪುಡಿಗೂ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ಕುಡಿಯುವ ನೀರಿಗೆ ಇದು ಸೇರಿ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು.

ಇದು ಕರುಳಿನ ಒಳಪದರದ ಜೀವಕೋಶಗಳಲ್ಲೇ ಮನೆ ಮಾಡುತ್ತದೆ. ಆಹಾರ ಹೀರುವ ಸಣ್ಣ ಸಣ್ಣ ಎಳೆಗಳು ಮೊಂಡಾಗುತ್ತವೆ, ಊತ ಬರುತ್ತದೆ. ಕರು ಸೊರಗುವುದು ಇದರಿಂದಲೇ. ಫ್ರಾನ್ಸಿನ ಲಿಲ್ ನಗರದ ವಿಜ್ಞಾನಿಗಳು ರೋಗನಿರೋಧಕ ಶಕ್ತಿ ಕುಂದಿದ ಇಲಿಗಳಿಗೆ ಈ ಸೋಂಕು ತಗುಲಿಸಿದಾಗ, ಕರುಳಿನ ಜೀವಕೋಶಗಳ ಜೋಡಣೆ ಕೆಟ್ಟು ಕೊನೆಗೆ ಕ್ಯಾನ್ಸರ್ ಆಯಿತು. ದೊಡ್ಡ ಕರುಳಿನ ಕ್ಯಾನ್ಸರ್ ಇರುವ ಕೆಲವು ರೋಗಿಗಳಲ್ಲೂ ಈ ಜೀವಿ ಕಂಡುಬಂದಿದೆ. ಆದರೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಇದೇ ಕಾರಣ ಎಂದು ಸಾಬೀತಾಗಿಲ್ಲ. ಹಸು ಸಾಕಿದರೆ ಕ್ಯಾನ್ಸರ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಭಯ ಬೇಡ ನಿಜ, ಉದಾಸೀನವೂ ಬೇಡ. ಸಂಘದ ಸಭೆಗಳಲ್ಲಿ ಫ್ಯಾಟ್, ಎಸ್‌ಎನ್‌ಎಫ್, ಮೇವಿನ ಬೆಲೆ ಎಲ್ಲವೂ ಚರ್ಚೆಯಾಗುತ್ತವೆ. ಸಗಣಿ ಬಾಚುವ ನಿಮ್ಮ ಕೈಗಳ ಮಾತು ಬರುವುದೇ ಇಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಸೋಪು, ಒಂದು ಬಕೆಟ್ ನೀರು ಇಡುವುದು ಮೇವು ತರುವಷ್ಟೇ ಮುಖ್ಯವಾದ ಕೆಲಸ ಎಂಬುದು ನನ್ನ ಅಭಿಪ್ರಾಯ. ಆ ಕೆಲಸ ಮನೆಯ ಗಂಡಸರದ್ದೂ ಹೌದು.

ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಗಿಣ್ಣು ಹಾಲು ಕುಡಿಸಿ. ಭೇದಿಯಾದ ಕರುವನ್ನು ಬೇರೆ ಕಟ್ಟಿ, ಅದರ ಕೆಲಸವನ್ನು ಕೊನೆಗೆ ಮಾಡಿ. ನೆಲ ಒಣಗಿರಲಿ, ಒಣಗಿದರೆ ಈ ಜೀವಿ ಉಳಿಯದು. ಕೈಗೆ ಸ್ಯಾನಿಟೈಸರ್ ಸಾಲದು, ಸೋಪು ಹಾಕಿ ಉಜ್ಜಿ ತೊಳೆಯಿರಿ. ಹಾಲು, ಕುಡಿಯುವ ನೀರು ಎರಡನ್ನೂ ಕುದಿಸಿ. ಪುಟ್ಟ ಮಕ್ಕಳನ್ನು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರನ್ನು ಭೇದಿಯಾದ ಕರುವಿನ ಹತ್ತಿರ ಬಿಡಬೇಡಿ.

ಇನ್ನೊಂದು ಮಾತು. ಮಲದಲ್ಲಿ ರಕ್ತ ಕಂಡರೆ, ವಾರಗಟ್ಟಲೆ ಹೊಟ್ಟೆ ಕೆಟ್ಟರೆ, ಕಾರಣವಿಲ್ಲದೆ ತೂಕ ಇಳಿದರೆ ಮೂಲವ್ಯಾಧಿ ಎಂದುಕೊಂಡು ನಾಚಿಕೆಯಿಂದ ಮುಚ್ಚಿಡಬೇಡಿ. ಹಸು ಮೇವು ಬಿಟ್ಟ ದಿನವೇ ನಮಗೆ ಫೋನ್ ಮಾಡುತ್ತೀರಿ. ನಿಮ್ಮ ದೇಹದ ವಿಷಯದಲ್ಲೂ ಅಷ್ಟೇ ಬೇಗ ವೈದ್ಯರ ಬಳಿ ಹೋಗಿ.