ಗಂಜಿ ತಿಳಿಯ ಪಥ್ಯವೂ ಅಜ್ಜನ ಮೂತ್ರಪಿಂಡವೂ

ಮಂಗಳೂರಿನ ಮನೆಗಳಲ್ಲಿ ಯಾರಿಗೆ ಕಾಯಿಲೆ ಬಂದರೂ ಮೊದಲು ಒಲೆಯ ಮೇಲೇರುವುದು ಕುಚ್ಚಲಕ್ಕಿ ಗಂಜಿ. ಜ್ವರಕ್ಕೆ, ಅಜೀರ್ಣಕ್ಕೆ ಅದು ಒಳ್ಳೆಯ ಆಹಾರವೇ. ಆದರೆ ಅಜ್ಜನಿಗೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇದೆಯೆಂದು ತಿಳಿದಾಗಲೂ ಇದೇ ಪಥ್ಯ ಶುರುವಾಗುವುದುಂಟು. ಮೊದಲು ಮೀನು ನಿಲ್ಲುತ್ತದೆ, ಆಮೇಲೆ ಬೇಳೆ, ಆಮೇಲೆ ಎಣ್ಣೆ. ಕೊನೆಗೆ ಬಟ್ಟಲಲ್ಲಿ ಉಳಿಯುವುದು ಗಂಜಿ ತಿಳಿ, ಬದಿಯಲ್ಲಿ ಉಪ್ಪಿನಕಾಯಿ. ಕಡಿಮೆ ತಿಂದರೆ ಮೂತ್ರಪಿಂಡಕ್ಕೆ ಕೆಲಸವೂ ಕಡಿಮೆ ಎಂಬುದು ಮನೆಯವರ ಲೆಕ್ಕ. ಈ ಲೆಕ್ಕ ಸರಿಯೇ?

ಅರ್ಧ ಸರಿ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು ಇಲಿಗಳಿಗೆ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟಾಗ ಅವುಗಳ ಆಯುಸ್ಸು ಹೆಚ್ಚಿತು. ಇಂತಹ ಇಲಿಗಳಲ್ಲಿ ಮುಪ್ಪಿನ ಮೂತ್ರಪಿಂಡದ ಕಾಯಿಲೆಯೂ ತಡವಾಗಿ ಬರುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಆದರೆ ಎರಡು ಸಂಗತಿ ಮರೆಯಬಾರದು. ಆ ಇಲಿಗಳು ಎಳೆಯವು, ಆರೋಗ್ಯವಂತವು. ಮತ್ತು ಅವುಗಳ ಆಹಾರದಲ್ಲಿ ಜೀವಸತ್ವ, ಖನಿಜಗಳನ್ನು ಕಡಿಮೆ ಮಾಡಿರಲಿಲ್ಲ.

ಮನುಷ್ಯರಲ್ಲಿ ಕ್ಯಾಲೊರಿ ಇಳಿಸುವುದು ಮುಖ್ಯವಾಗಿ ಬೊಜ್ಜು ಇರುವವರಿಗೆ ಉಪಯುಕ್ತ. ಪ್ರತಿ ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ ಎಂದು ನೀವು ಓದಿದ್ದೀರಿ. ದೇಹ ದಪ್ಪವಾದಾಗ ನೆಫ್ರಾನ್‌ಗಳ ಸೋಸುಕಗಳ ಮೇಲೆ ಒತ್ತಡ ಹೆಚ್ಚಿ, ಮೂತ್ರದಲ್ಲಿ ಪ್ರೊಟೀನ್ ಸೋರಬಹುದು. ವೈದ್ಯರ ಸಲಹೆಯಂತೆ ತೂಕ ಇಳಿಸಿದರೆ ಈ ಸೋರಿಕೆ ಕಡಿಮೆಯಾಗುತ್ತದೆ.

ಕಾಯಿಲೆ ಮುಂದುವರಿದು ಸೊರಗಿರುವ ಅಜ್ಜನ ಕಥೆ ಬೇರೆ. ಒಲೆಗೆ ಸೌದೆ ಸಾಲದಿದ್ದರೆ ಮನೆಯ ಕುರ್ಚಿ ಮೇಜುಗಳನ್ನೇ ಮುರಿದು ಉರಿಸಿದಂತೆ, ಕ್ಯಾಲೊರಿ ಸಾಲದ ದೇಹ ತನ್ನ ಸ್ನಾಯುಗಳನ್ನೇ ಕರಗಿಸುತ್ತದೆ. ಸ್ನಾಯುವಿನ ಪ್ರೊಟೀನ್ ಒಡೆದಾಗ ಯೂರಿಯಾ ಹುಟ್ಟುತ್ತದೆ. ಜೀವಕೋಶಗಳೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ. ಇವನ್ನು ಹೊರಹಾಕಬೇಕಾದುದು ಅದೇ ಬಡಪಾಯಿ ಮೂತ್ರಪಿಂಡ. ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಿತು!

ಇಲ್ಲಿ ಇನ್ನೊಂದು ಮೋಸವಿದೆ. ರಕ್ತ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ಹುಟ್ಟುವುದು ಬಹುಪಾಲು ಸ್ನಾಯುಗಳಿಂದ. ಸ್ನಾಯು ಕರಗಿದರೆ ಅದರ ಪ್ರಮಾಣವೂ ಇಳಿಯಬಹುದು. "ಪಥ್ಯ ಫಲಿಸಿತು" ಎಂದು ಮನೆಯವರು ಹಿಗ್ಗುವಾಗ ಅಜ್ಜನ ತೋಳು ಬತ್ತಿರುತ್ತದೆ. ಕಾಲಿನ ಬಾವಿನಲ್ಲಿ ನೀರು ನಿಂತಿದ್ದರೆ ತೂಕದ ಯಂತ್ರವೂ ನಿಜ ಹೇಳದು.

ಹಾಗಾದರೆ ಎಷ್ಟು ಬೇಕು? ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಸ್ಥಿರವಾಗಿರುವ ರೋಗಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರಿಂದ 35 ಕಿಲೊಕ್ಯಾಲೊರಿ. 60 ಕಿಲೋ ತೂಕದವರಿಗೆ 1,500ರಿಂದ 2,100. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೊಕ್ಯಾಲೊರಿ ಇದೆ. ದಿನವಿಡೀ 150 ಗ್ರಾಂ ಅಕ್ಕಿಯ ಗಂಜಿಯನ್ನಷ್ಟೇ ಉಂಡರೆ ಸಿಗುವುದು 525. ಕನಿಷ್ಠ ಅಗತ್ಯದ ಮೂರನೇ ಒಂದು ಭಾಗ. ಅನ್ನ ಬಸಿದ ತಿಳಿಯಲ್ಲಂತೂ ಇನ್ನೂ ಕಡಿಮೆ. ಉಪ್ಪಿನಕಾಯಿಯಿಂದ ಬರುವುದು ಶಕ್ತಿಯಲ್ಲ, ಬೇಡವಾದ ಉಪ್ಪು.

ವೈದ್ಯರು ಪ್ರೊಟೀನ್ ಕಡಿಮೆ ಮಾಡಿ ಎಂದರೆ ಊಟವನ್ನೇ ಕಡಿಮೆ ಮಾಡಿ ಎಂದರ್ಥವಲ್ಲ. ಬೇಳೆ, ಮೀನು ಇಳಿಸಿದಾಗ ತಪ್ಪುವ ಕ್ಯಾಲೊರಿಯನ್ನು ಅನ್ನದಿಂದ, ಒಂದು ಚಮಚ ಎಣ್ಣೆಯಿಂದ ತುಂಬಿಕೊಡಬೇಕು. ಡಯಾಲಿಸಿಸ್ ಆರಂಭವಾದ ಮೇಲೆ ಪ್ರೊಟೀನ್ ಅಗತ್ಯವೇ ಹೆಚ್ಚುತ್ತದೆ; ಹಳೆಯ ಪಥ್ಯ ಆಗ ಸಲ್ಲದು. ಸಕ್ಕರೆ ಕಾಯಿಲೆಯೂ ಇದ್ದರೆ ಮತ್ತಷ್ಟು ಎಚ್ಚರ: ಸೋತ ಮೂತ್ರಪಿಂಡದಲ್ಲಿ ಇನ್ಸುಲಿನ್ ಬೇಗ ಕರಗದು, ಊಟ ತಪ್ಪಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು.

ಮಕ್ಕಳೇ, ಅಜ್ಜ ಮೂರು ದಿನ ಉಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ಆ ಹಾಳೆ ಅಪ್ಪ ಅಮ್ಮನ ಕೈಯಲ್ಲಿರಲಿ. ವೈದ್ಯರಿಗೆ ಅದು ರಕ್ತ ಪರೀಕ್ಷೆಯಷ್ಟೇ ಉಪಯೋಗಕ್ಕೆ ಬಂದೀತು.