ಮುಚ್ಚಿದ ಕಿವಿಗೆ ಕೇಳಿಸಿದ ತಂಬೂರಿ

ನಮ್ಮ ಸಂಗೀತವನ್ನು ಕೇಳುವುದಕ್ಕೆಂದು ಕೊಳ್ಳುವ ಯಾವ ಯಂತ್ರವನ್ನಾದರೂ ತಂಬೂರಿಯಿಂದಲೇ ಪರೀಕ್ಷಿಸಬೇಕು ಎಂಬುದು ನನ್ನ ನಿಲುವು. ಅಂಗಡಿಯವರು ಎದೆ ನಡುಗುವಂತೆ ಢಂಢಂ ಎನ್ನುವ ಹಾಡನ್ನು ಹಾಕಿ ಗಿರಾಕಿಯನ್ನು ಮೆಚ್ಚಿಸುತ್ತಾರೆ. ಅದರಿಂದ ತಿಳಿಯುವುದು ಏನೂ ಇಲ್ಲ. ಗಾಯಕರ ಕಂಠವಂತೂ ಸಂತೆಯಲ್ಲಿ ಕೊಂಡ ರೇಡಿಯೋದಲ್ಲಿಯೂ ಕೇಳಿಸುತ್ತದೆ. ಆ ಕಂಠದ ಹಿಂದೆ, ತನ್ನನ್ನು ಗಮನಿಸಿರೆಂದು ಒಮ್ಮೆಯೂ ಬೇಡದೆ, ಗಂಟೆಗಟ್ಟಲೆ ಮಿಡಿಯುತ್ತಿರುವ ನಾಲ್ಕು ತಂತಿಗಳು ಕೇಳಿಸುತ್ತವೆಯೇ ಎಂಬುದೇ ಪ್ರಶ್ನೆ.

ಕಳೆದ ಯುಗಾದಿಗೆ ಮಗಳು ತಂದುಕೊಟ್ಟ ಹೆಡ್‌ಫೋನು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ವರು ನಾಳೆಯೇ ಕೊಂಡುಬಿಡುತ್ತೀರಿ, ಹಿಡಿಸದಿದ್ದರೆ ಹೊಣೆ ಮೇಷ್ಟರ ತಲೆಗೆ. ಇದು ಹಿಂಬದಿ ಮುಚ್ಚಿದ ಬಗೆಯದು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಅವರು ಸ್ಟೀರಿಯೋ ಸಂಗೀತಕ್ಕಾಗಿ ಹೆಡ್‌ಫೋನನ್ನು ತಂದರು. ಅದಾದ ಹತ್ತು ವರ್ಷಕ್ಕೆ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಹಿಂಬದಿ ತೆರೆದ ಬಗೆಯನ್ನು ತಂದಿತು. ತೆರೆದದ್ದರಲ್ಲಿ ನಾದ ಹೊರಕ್ಕೆ ಸೋರುತ್ತದೆ, ಬೀದಿಯ ಸದ್ದು ಒಳಕ್ಕೆ ನುಗ್ಗುತ್ತದೆ; ಮುಚ್ಚಿದ್ದು ಎರಡನ್ನೂ ಬಹುಮಟ್ಟಿಗೆ ತಡೆಯುತ್ತದೆ. ಸಂಗೀತವು ಹೆಚ್ಚು ವಿಶಾಲವಾಗಿ ಕೇಳುವುದು ತೆರೆದದ್ದರಲ್ಲಿಯೇ ಎಂದು ಬಲ್ಲವರು ಹೇಳುತ್ತಾರೆ. ನಿಜವಿರಬೇಕು. ಆದರೆ ನಮ್ಮ ಮನೆಯ ಮುಂದೆ ಬಸ್ಸುಗಳು ತಿರುಗುತ್ತವೆ, ತಲೆಯ ಮೇಲೆ ಫ್ಯಾನು ತಿರುಗುತ್ತದೆ, ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗುತ್ತದೆ.

ಮೊದಲು ಕೇಳಿದ್ದು ಮಲ್ಲಿಕಾರ್ಜುನ ಮನ್ಸೂರರ ಒಂದು ಹಳೆಯ ಧ್ವನಿಮುದ್ರಣ. ನಮ್ಮ ಧಾರವಾಡದ ಆಕಾಶವಾಣಿ ಆರಂಭವಾದದ್ದು 1950ರಲ್ಲಿ. ನನ್ನ ತಲೆಮಾರಿನವರು ಮನ್ಸೂರರನ್ನೂ ಗಂಗೂಬಾಯಿಯವರನ್ನೂ ಕೇಳಿ ಬೆಳೆದದ್ದು ಮಧ್ಯಮ ತರಂಗಾಂತರದ ಪ್ರಸಾರದಲ್ಲಿ. ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ನಾದವು ಆ ಪೆಟ್ಟಿಗೆಗಳಲ್ಲಿ ಕೇಳಿಸುತ್ತಲೇ ಇರಲಿಲ್ಲವೆನ್ನಬಹುದು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ನೂಲಿನ ಎಳೆಯನ್ನು ಸೇರಿಸಿ ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಹೊಂದಿಸುತ್ತಾರೆ. ಆಗ ನಾದವು ಬಿರಿದು ಝೇಂಕರಿಸುತ್ತದೆ. ಇದನ್ನೇ ಜವಾರಿ ಎನ್ನುವುದು. (ನಮ್ಮ ಜವಾರಿ ಮೆಣಸಿನಕಾಯಿಗೂ ಇದಕ್ಕೂ ಸಂಬಂಧವಿಲ್ಲ.) ಆ ಝೇಂಕಾರದ ಮೇಲಂಚು ರೇಡಿಯೋದಲ್ಲಿ ಮೊಂಡಾಗಿತ್ತು, ತಂಬೂರಿ ಎಂದರೆ ದೂರದಲ್ಲೆಲ್ಲೋ ಒಂದು ಗುಂಯ್‌ಗುಡುವಿಕೆ ಎಂದೇ ನಮ್ಮ ಕಿವಿಗೆ ರೂಢಿಯಾಗಿಬಿಟ್ಟಿತ್ತು.

ಈಗ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳಿಸಿತು. ಅಷ್ಟೇ ಅಲ್ಲ, ಯಾರೂ ಹಾಡದ, ಯಾವ ತಂತಿಗೂ ಶ್ರುತಿ ಮಾಡದ ಗಾಂಧಾರವೂ ಕೇಳಿಸಿತು. ಇದು ಪವಾಡವಲ್ಲ, ಒಂಬತ್ತನೆಯ ತರಗತಿಯಲ್ಲಿ ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಲೆಕ್ಕ. ಷಡ್ಜದ ಆವೃತ್ತಿ 140 ಎಂದಿಟ್ಟುಕೊಳ್ಳಿ. ಖರ್ಜದ ತಂತಿಯದು 70. ತಂತಿಯನ್ನು ಮಿಡಿದಾಗ ಮೂಲನಾದದೊಡನೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ನಾದಗಳೂ ಏಳುತ್ತವೆ. 70ರ ಐದು ಪಟ್ಟು 350. ತಾರಷಡ್ಜವಾದ 280ಕ್ಕೆ ಇದನ್ನು ಹೋಲಿಸಿದರೆ ದೊರೆಯುವ 5:4ರ ಪ್ರಮಾಣವೇ ಗಾಂಧಾರ. ಇದನ್ನೇ ಸ್ವಯಂಭೂ ಗಾಂಧಾರವೆನ್ನುತ್ತಾರೆ. ಮೂವತ್ತು ವರ್ಷ ಹಲಗೆಯ ಮೇಲೆ ಬರೆದದ್ದನ್ನು ಧ್ವನಿಮುದ್ರಣವೊಂದರಲ್ಲಿ ಇಷ್ಟು ನಿಚ್ಚಳವಾಗಿ ಕೇಳಿದ್ದು ಈ ಎಪ್ಪತ್ತು ದಾಟಿದ ವಯಸ್ಸಿನಲ್ಲಿ. ಮನ್ಸೂರರು ದೀರ್ಘವಾದ ತಾನವೊಂದನ್ನು ಮುಗಿಸಿ ಉಸಿರೆಳೆದುಕೊಳ್ಳುವ ಕ್ಷಣದಲ್ಲಿ, ಆ ತೆರವಿನಲ್ಲಿ, ಅದು ಒಮ್ಮೆಲೆ ಮೇಲೆದ್ದು ನಿಲ್ಲುತ್ತದೆ.

ಹಳೆಯ ಧ್ವನಿಸುರುಳಿಗಳ ಸುಯ್ ಎಂಬ ಸದ್ದನ್ನು ಗಣಕಯಂತ್ರದಿಂದ ತೊಳೆದು ಕಳುಹಿಸುವ ಮಿತ್ರರಿಗೆ ಇಲ್ಲೊಂದು ಮಾತು. ಎಡೆಬಿಡದೆ ಒಂದೇ ಸಮನಾಗಿ ಬರುವುದನ್ನು ಆ ತಂತ್ರಾಂಶಗಳು ಕಸವೆಂದು ಬಗೆಯುತ್ತವೆ. ತಂಬೂರಿಯೂ ಎಡೆಬಿಡದೆ ನುಡಿಯುವಂಥದೇ. ಕಸದೊಡನೆ ಅದರ ಝೇಂಕಾರವೂ ಸವೆದುಹೋಗುತ್ತದೆ. ದಯಮಾಡಿ ತೊಳೆಯದೆಯೇ ಕಳುಹಿಸಿ. 1902ರಲ್ಲಿ ಕಲ್ಕತ್ತೆಯಲ್ಲಿ ಕಹಳೆಯ ಬಾಯಿಗೆ ಹಾಡಿದ, 1930ರಲ್ಲಿ ನಮ್ಮ ಮೈಸೂರಿನಲ್ಲಿ ತೀರಿಕೊಂಡ ಗೋಹರ್ ಜಾನ್ ಅವರ ತಟ್ಟೆಗಳಲ್ಲಿ ತಂಬೂರಿಯನ್ನು ಹುಡುಕುವುದು ಅನ್ಯಾಯ. ಆದರೆ ಮೈಕು ಬಂದ ಮೇಲಿನ ಮುದ್ರಣಗಳಲ್ಲಿ ಅದು ಇದ್ದೇ ಇರುತ್ತದೆ.

ಹೆಡ್‌ಫೋನಿನ ಕುಂದುಗಳೂ ಇವೆ. ಬೇಸಗೆಯಲ್ಲಿ ಅರ್ಧ ಗಂಟೆಗೆ ಕಿವಿ ಬೆವರುತ್ತದೆ. ಕನ್ನಡಕ ಹಾಕಿಕೊಂಡರೆ ಅದರ ಕಡ್ಡಿಯ ಬದಿಯ ಸಂದಿನಿಂದ ಮಂದ್ರನಾದ ಸೋರಿ ಡಗ್ಗಾ ತೆಳ್ಳಗಾಗುತ್ತದೆ, ತೆಗೆದಿಟ್ಟರೆ ತುಂಬಿಕೊಳ್ಳುತ್ತದೆ. ಜೊತೆಯಲ್ಲಿ ಗುನುಗುವಂತೆಯೂ ಇಲ್ಲ. ಕಿವಿ ಮುಚ್ಚಿರುವಾಗ ನಮ್ಮ ಗುನುಗು ನಮ್ಮ ತಲೆಯೊಳಗೇ ಕೊಡದಲ್ಲಿ ಮಾತಾಡಿದಂತೆ ಮೊಳಗಿ, ಮನ್ಸೂರರನ್ನೇ ಮುಳುಗಿಸಿಬಿಡುತ್ತದೆ. ಇದನ್ನು ಕುಂದೆನ್ನಬೇಕೋ ಶಿಕ್ಷಣವೆನ್ನಬೇಕೋ!

ಇನ್ನೊಂದು ಸಂಗತಿಯನ್ನು ಬಂಧುಗಳು ಗಾಬರಿಯಾಗದೆ ಓದಬೇಕು. ಆ ಕಾಲದ ಮುದ್ರಣಗಳು ಒಂದೇ ವಾಹಿನಿಯವು. ಎರಡೂ ಕಿವಿಗೆ ಸಮನಾಗಿ ಬಂದು ಕಂಠವು ತಲೆಯ ನಟ್ಟನಡುವೆ ನಿಲ್ಲಬೇಕು. ನನಗೆ ಅದು ತುಸು ಎಡಕ್ಕೆ ವಾಲಿತ್ತು. ಪ್ರಯೋಗಶಾಲೆಯ ಅಭ್ಯಾಸ, ಹೆಡ್‌ಫೋನನ್ನು ತಿರುಗಿಸಿ ಎಡದ್ದನ್ನು ಬಲಕ್ಕೆ ಹಾಕಿಕೊಂಡೆ. ಯಂತ್ರದ ದೋಷವಾಗಿದ್ದರೆ ಕಂಠವು ಬಲಕ್ಕೆ ಸರಿಯಬೇಕಿತ್ತು. ಸರಿಯಲಿಲ್ಲ, ಎಡದಲ್ಲಿಯೇ ಉಳಿಯಿತು. ಎಂದರೆ ಮಂದವಾಗಿರುವುದು ನನ್ನ ಬಲಗಿವಿ. ಕಿವಿಯ ವೈದ್ಯರೂ ಪರೀಕ್ಷಿಸಿ ಅದನ್ನೇ ಹೇಳಿದರು; ವಯಸ್ಸಿನೊಡನೆ ಮೊದಲು ಸವೆಯುವುದು ಮೇಲಿನ ನಾದಗಳೇ ಎಂದರು. ನಾನು ಈಗ ಕೇಳುತ್ತಿರುವ ತಂಬೂರಿಗೂ ಒಂದು ಅವಧಿ ಇದೆ ಎಂದು ಅರ್ಥ ಮಾಡಿಕೊಂಡೆ.

ಆದ್ದರಿಂದಲೇ ಧ್ವನಿಯ ಪ್ರಮಾಣದ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 90ಕ್ಕೆ ಹೋದರೆ ವಾರಕ್ಕೆ ನಾಲ್ಕೇ ಗಂಟೆ. ಮುಚ್ಚಿದ ಹೆಡ್‌ಫೋನಿನ ನಿಜವಾದ ಉಪಕಾರ ಇರುವುದು ಇಲ್ಲಿ. ಬಸ್ಸಿನೊಡನೆ ಪೈಪೋಟಿಗಿಳಿದು ಸಂಗೀತವನ್ನು ಏರಿಸಬೇಕಾಗಿಲ್ಲ. ತಗ್ಗಿಸಿಯೇ ಕೇಳಬಹುದು.

ಇಷ್ಟು ಹೊಗಳಿದ ಮೇಲೂ ಮಗಳ ಒಂದು ಮಾತನ್ನು ನಾನು ಒಪ್ಪಲಾರೆ. "ಅಪ್ಪಾ, ಇನ್ನು ಆ ಹಳೆಯ ಸ್ಪೀಕರ್ ತೆಗೆದುಬಿಡಿ, ನಿಮ್ಮ ಸಂಗೀತ ನಿಮಗೆ, ಯಾರಿಗೂ ತೊಂದರೆ ಇಲ್ಲ" ಎನ್ನುತ್ತಾಳೆ. ನಮಗೆ ಯಾರು ಸಂಗೀತವನ್ನು ಕಲಿಸಿದರು? ಪಾಠವಿಲ್ಲ, ಗುರುವಿಲ್ಲ, ಹೋಟೆಲಿನ ರೇಡಿಯೋ, ನೆರೆಮನೆಯ ರೇಡಿಯೋ, ಬೇಕಿಲ್ಲದಿದ್ದರೂ ಕಿವಿಯ ಮೇಲೆ ಬಿದ್ದದ್ದು. ಭೀಮಪಲಾಸಿಯ ಹೆಸರು ತಿಳಿಯುವ ಎಷ್ಟೋ ಮೊದಲೇ ಭೀಮಪಲಾಸಿ ನಮ್ಮ ಗುರುತಿನದಾಗಿತ್ತು. ಇವಳೂ ರಾಗಗಳನ್ನು ಗುರುತಿಸುವುದು ನಾನು ಹೇಳಿಕೊಟ್ಟದ್ದರಿಂದಲ್ಲ. ಆ ಸ್ಪೀಕರಿನ ಮುಂದೆ ಮಗ್ಗಿ ಬರೆದದ್ದರಿಂದ. ನಾನು ಕಿವಿ ಮುಚ್ಚಿಕೊಂಡು ಕುಳಿತರೆ ಮನೆಯ ಮಟ್ಟಿಗೆ ಮನ್ಸೂರರು ಮೌನವಾದಂತೆಯೇ.

ಹಾಗಾಗಿ ಮಧ್ಯಾಹ್ನ ಒಂದು ಗಂಟೆ ಹೆಡ್‌ಫೋನು, ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಸ್ಪೀಕರು. ತಂಬೂರಿ ಅದರಲ್ಲಿ ಅರೆಬರೆ; ಇರಲಿ. ಅಡಿಗೆಮನೆಯಿಂದಲೇ ಮನೆಯವಳು "ಇದು ನಿನ್ನೆ ಹಾಕಿದ್ದೇ ಅಲ್ಲವೇ" ಎನ್ನುತ್ತಾಳೆ. ನಮ್ಮೊಡನಿರುವ ಮೊಮ್ಮಗ, ಆರನೆಯ ತರಗತಿಯವನು, ಲೆಕ್ಕದ ಪುಸ್ತಕ ಹಿಡಿದು ಮುಖ ಸಿಂಡರಿಸಿಕೊಂಡು ಕೂರುತ್ತಾನೆ. ಒಳಗಿನ ಕೋಣೆ ಖಾಲಿಯೇ ಇರುತ್ತದೆ, ಆದರೂ ಎದ್ದು ಹೋಗುವುದಿಲ್ಲ.