ಇಳಿದ ತೂಕ ಮತ್ತೆ ಏರಿದಾಗ
ಪೆರ್ನಾಲ್ ದಿನ ಮಸೀದಿ ಎದುರು ಸಿಕ್ಕವರೆಲ್ಲ "ಏನು, ಇಳಿದು ಹೋಗಿದ್ದೀರಿ" ಎನ್ನುತ್ತಾರೆ. ನಮಗೂ ಒಳಗೊಳಗೇ ಖುಷಿ. ಮೂರ್ನಾಲ್ಕು ವಾರ ಕಳೆಯಲಿ, ಅಂಗಿ ಮತ್ತೆ ಬಿಗಿ. ರಮಝಾನ್‌ನಲ್ಲಿ ಸಾಮಾನ್ಯವಾಗಿ ಇಳಿಯುವುದು ಒಂದೆರಡು ಕಿಲೋ, ಅದೂ ಕೆಲವೇ ವಾರಗಳಲ್ಲಿ ವಾಪಸ್. ಇದರಿಂದ ಆರೋಗ್ಯವಂತರಿಗೆ ಕೇಡೇನಿಲ್ಲ. ಕೇಡಿರುವುದು ಬೇರೆ ತರದ ಏರಿಳಿತದಲ್ಲಿ.

ಮದುವೆ ನಿಶ್ಚಯವಾದ ಹುಡುಗಿ ಎರಡು ತಿಂಗಳು ಅನ್ನ ಬಿಟ್ಟು ಹತ್ತು ಕಿಲೋ ಇಳಿಸುತ್ತಾಳೆ. ನಿಕಾಹ್ ಆಗಿ ಔತಣಗಳ ಸರದಿ ಮುಗಿಯುವಷ್ಟರಲ್ಲಿ ಹನ್ನೆರಡು ಏರಿರುತ್ತದೆ. ಊರು ಬಿಟ್ಟು ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ಬಂದು ಬೇಕರಿಯಲ್ಲಿ ಬೆಳಗ್ಗಿನಿಂದ ರಾತ್ರಿವರೆಗೆ ನಿಲ್ಲುವ ನಮ್ಮ ಹುಡುಗರು ಮೊಬೈಲ್‌ನಲ್ಲಿ ಕಂಡ ಪೌಡರ್ ತರಿಸಿ ಒಂದು ತಿಂಗಳು ಕುಡಿಯುತ್ತಾರೆ, ಬಿಡುತ್ತಾರೆ. ಆರು ತಿಂಗಳಿಗೆ ಇನ್ನೊಂದು ಡಬ್ಬಿ.

ಊಟ ತಟಕ್ಕನೆ ನಿಂತಾಗ ದೇಹ ಕೊಬ್ಬನ್ನು ಮಾತ್ರ ಕರಗಿಸುವುದಿಲ್ಲ, ಮಾಂಸಖಂಡವನ್ನೂ ತಿನ್ನುತ್ತದೆ. ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಅದೇ ಇರಬಹುದು. ಮರಳುವಾಗ ಬೇಗ ತುಂಬಿಕೊಳ್ಳುವುದು ಮಾತ್ರ ಕೊಬ್ಬು. ನಾಲ್ಕು ಸಲ ಹೀಗಾದರೆ ತೂಕದ ಯಂತ್ರ ಅದೇ ಅಂಕಿ ತೋರಿಸುತ್ತದೆ, ಒಳಗಿನ ಬಲ ಹೋಗಿರುತ್ತದೆ. ಐವತ್ತು ದಾಟಿದ ಉಮ್ಮಂದಿರಿಗೆ ಮೆಟ್ಟಿಲು ಹತ್ತುವಾಗ ಇದು ಗೊತ್ತಾಗುತ್ತದೆ. ತೀರಾ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಬೇರೆ.

ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದು ನಡೆಯುತ್ತಿತ್ತು. ಅದರಲ್ಲಿದ್ದ 14 ಮಂದಿಯನ್ನು ಆರು ವರ್ಷದ ಬಳಿಕ ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ 58 ಕಿಲೋ ಇಳಿದಿದ್ದವರಿಗೆ 41 ಕಿಲೋ ಮರಳಿತ್ತು. ಅಷ್ಟೇ ಅಲ್ಲ, ಸುಮ್ಮನೆ ಕೂತಾಗ ದೇಹ ಸುಡುವ ಶಕ್ತಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಇತ್ತು. ಒಂದು ಹೊತ್ತಿನ ಊಟದಷ್ಟು! ಮೊದಲಿನಷ್ಟೇ ತಿಂದರೂ ತೂಕ ಏರುವ ಸ್ಥಿತಿ.

ತೂಕದ ಏರಿಳಿತ ಹೃದಯಕ್ಕೂ ಒಳ್ಳೆಯದಲ್ಲವೆಂದು ಅಲ್ಲಿನ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲೇ ಹೇಳಿತ್ತು. ಅದನ್ನು ಪೂರ್ತಿ ಒಪ್ಪದ ತಜ್ಞರೂ ಇದ್ದಾರೆ. ಹಾಗೆಂದು "ಇಳಿಸುವುದೇ ಬೇಡ, ಬಿಡಿ" ಎನ್ನುವವರ ಮಾತಿಗೆ ನಾವು ಕಿವಿಗೊಡಲಾರೆವು. ಬೊಜ್ಜಿರುವವರು ನೂರಕ್ಕೆ ಐದರಷ್ಟು ತೂಕ ಇಳಿಸಿ ಉಳಿಸಿಕೊಂಡರೂ ಶುಗರ್, ಬಿಪಿಗೆ ಲಾಭವಿದೆ. ತಿಂಗಳಿಗೆ ಎರಡು ಕಿಲೋ ಸಾಕು. ಈ ಸೀಮೆಯಲ್ಲಿ ರಾಗಿ, ಹುರುಳಿ, ಅವರೆ, ಸೊಪ್ಪಿಗೆ ಬರವಿಲ್ಲ. (ರಾಗಿಯೆಂದು ಮೂರು ಮುದ್ದೆ ನುಂಗಿದರೆ ಅದೂ ಅನ್ನದ ಲೆಕ್ಕವೇ.) ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತ ದಿನವಿಡೀ ಕೂರುವವರು ಅಸರ್ ಕಳೆದು ಅರ್ಧ ಗಂಟೆ ನಡೆಯಬೇಕು.

ನಮಗೆ ಹೆಚ್ಚು ಭಯ ಶುಗರ್ ಇರುವವರ ಬಗ್ಗೆ. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಅಂಥವರು ಹತ್ತು ಕೋಟಿ. ಊಟ ಬಿಟ್ಟು ತೂಕ ಇಳಿಸಿಕೊಂಡು ಹಳೇ ಪ್ರಮಾಣದಲ್ಲೇ ಇನ್ಸುಲಿನ್ ಚುಚ್ಚಿಕೊಂಡರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ತೂಕ ಮರಳಿದಾಗ ಔಷಧ ಸಾಲದಾಗುತ್ತದೆ. ಚಿಂತಾಮಣಿಯವರಾಗಲಿ, ಗೌರಿಬಿದನೂರಿನವರಾಗಲಿ, ರಮಝಾನ್‌ಗೆ ಆರೆಂಟು ವಾರ ಮೊದಲೇ ಔಷಧಿ ಚೀಟಿ ಹಿಡಿದು ಡಾಕ್ಟರನ್ನು ಕಾಣಿರಿ. ಪೆರ್ನಾಲ್ ಕಳೆದ ಮೇಲೂ ಒಮ್ಮೆ ಹೋಗಿಬನ್ನಿ. ಸರಕಾರಿ ಆಸ್ಪತ್ರೆಯಲ್ಲಿ ಶುಗರ್, ಬಿಪಿ ನೋಡುವುದು ಉಚಿತ.